ಸೆಟ್ಟರಣ್ಣ

ಪೀಣ್ಯದ ಯಾವ ಮೆಷಿನ್ ಶಾಪಿನ ಶಟರ್ ಎತ್ತಿದರೂ ಒಳಗೊಬ್ಬ ಸೆಟ್ಟರಣ್ಣ ಇರುತ್ತಾನೆ. ಮಾಲೀಕರನ್ನು ಹುಡುಕಬೇಕಾಗಬಹುದು, ಇವನನ್ನು ಹುಡುಕಬೇಕಿಲ್ಲ. ಓಡುತ್ತಿರುವ ಸಿಎನ್‌ಸಿ ಲೇಥಿನ ಬಾಗಿಲಿಗೆ ಕಿವಿಗೊಟ್ಟು, ಮಗುವಿನ ಕೆಮ್ಮು ಕೇಳುವ ಅಜ್ಜಿಯ ಹಾಗೆ ನಿಂತಿರುತ್ತಾನೆ. "ಇನ್ಸರ್ಟ್ ಮೂಲೆ ಹೋಯ್ತು" ಅನ್ನುತ್ತಾನೆ. ಬಿಚ್ಚಿ ನೋಡಿದರೆ ಹೋಗಿರುತ್ತದೆ. ಅದೇ ನಮ್ಮ ಕಷ್ಟ. ಒಂದು ಸಲವಾದರೂ ತಪ್ಪು ಹೇಳಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಜೇಬಿನಲ್ಲಿ ಎಣ್ಣೆ ಕುಡಿದ ಪುಟ್ಟ ಡೈರಿ. ಯಾವ ಜಾಬಿಗೆ ಯಾವ ಸ್ಪೀಡು, ಎಷ್ಟು ಫೀಡು, ಎಲ್ಲ ಅದರಲ್ಲಿ. ಅಕ್ಷರ ಮಾತ್ರ ಅವನೊಬ್ಬನಿಗೇ ಅರ್ಥ. ಆಫ್‌ಸೆಟ್ ಪೇಜಿಗೆ ಇನ್ನೊಬ್ಬರು ಬೆರಳಿಟ್ಟರೆ ಮಡಿ ಮುಟ್ಟಿದಂತೆ. ಜಾಬು ಚಕ್ಕಿನಿಂದ ಹೊರಬಂದ ಕೂಡಲೇ ಮೈಕ್ರೋಮೀಟರ್ ಹಿಡಿದರೆ, "ಟೀ ಕುಡ್ಕೊಂಡು ಬಂದು ಅಳೀರಿ ಸಾರ್" ಅನ್ನುತ್ತಾನೆ. ಸೋಮಾರಿತನವೆಂದುಕೊಂಡಿದ್ದೆ. 50 ಮಿ.ಮೀ. ಸ್ಟೀಲು 20 ಡಿಗ್ರಿ ಬಿಸಿಯಾದರೆ ಹತ್ತು ಮೈಕ್ರಾನಿಗೂ ಮಿಕ್ಕಿ ಹಿಗ್ಗುತ್ತದೆ. ಬಿಸಿಯಲ್ಲಿ ಅಳೆದು ಆಫ್‌ಸೆಟ್ ಇಳಿಸಿದರೆ, ತಣ್ಣಗಾದಾಗ ಸೈಜು ಕಮ್ಮಿ. ಹೀಗೆ ನನ್ನ ಕೈಯಲ್ಲಿ ನಾಲ್ಕು ಜಾಬು ಸ್ಕ್ರ್ಯಾಪ್ ಬಿನ್ನಿಗೆ ಹೋದವು. ಆದರೂ ದಿನಕ್ಕೆ ಆರು ಟೀ ಯಾಕೆ ಬೇಕು ಎಂಬುದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ.

ಇನ್ನು ಅವನು ನನಗಿಟ್ಟ ಹೆಸರಿನ ವಿಚಾರ. ಡಿಗ್ರಿ ಮುಗಿಸಿ ಪ್ರೋಗ್ರಾಮಿಂಗ್ ಇಂಜಿನಿಯರ್ ಎಂದು ಸೇರಿದ ಎರಡನೇ ವಾರ. 50 ಮಿ.ಮೀ. ರಾಡನ್ನು 48ಕ್ಕೆ ಟರ್ನಿಂಗ್ ಮಾಡಬೇಕು. ಪ್ರೋಗ್ರಾಮ್ ಬರೆದು, ಎಂ30ರ ತನಕ ಗಟ್ಟಿಯಾಗಿ ಓದಿ, "ಸ್ಟಾರ್ಟ್ ಒತ್ತಿ ಅಣ್ಣ" ಎಂದೆ. ಒತ್ತಲಿಲ್ಲ. ಸಿಂಗಲ್ ಬ್ಲಾಕಿಗೆ ಹಾಕಿದ. ರ‍್ಯಾಪಿಡ್ಡನ್ನು ಶೇಕಡ 25ಕ್ಕೆ ಇಳಿಸಿದ. ಫೀಡ್ ಹೋಲ್ಡಿನ ಮೇಲೆ ಹೆಬ್ಬೆರಳಿಟ್ಟ. ಹೊಸ ಸೊಸೆ ಒಗ್ಗರಣೆ ಹಾಕುವಾಗ ಅತ್ತೆ ಪಕ್ಕದಲ್ಲಿ ನಿಂತ ಹಾಗಿತ್ತು. ನನಗೆ ಸಿಟ್ಟು ಬಂತು. ಆಮೇಲೆ ಸ್ಟಾರ್ಟ್ ಒತ್ತಿದ. ಟರೆಟ್ ಇಳಿಯಿತು. 48ರಲ್ಲಿ ನಿಲ್ಲಬೇಕು, ನಿಲ್ಲಲಿಲ್ಲ. ಇಳಿಯುತ್ತ ಇಳಿಯುತ್ತ ರಾಡಿನ ನಟ್ಟನಡುವಿಗೆ ಮುಖ ಮಾಡಿತು. ಮುಂದಿನ ಸಾಲು ಓಡಿದ್ದರೆ ಟೂಲು ಅದರ ಎದೆಗೇ ನುಗ್ಗುತ್ತಿತ್ತು. ಅವನು ರೀಸೆಟ್ ಒತ್ತಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸಾರ್, ನಿಮ್ಮನೇಲಿ ರಂಗೋಲಿ ಯಾರು ಹಾಕೋದು?"

"ಅಮ್ಮ."

"ಚುಕ್ಕಿ ಇಡದೆ ಎಳೆ ಎಳೀತಾರಾ?"

ಸ್ಕ್ರೀನ್ ನೋಡಿದೆ. ಎಕ್ಸ್48, ಆಮೇಲೆ ಚುಕ್ಕಿಯಿಲ್ಲ. ನಮ್ಮ ಫ್ಯಾನಕ್ ಕಂಟ್ರೋಲಿಗೆ ಚುಕ್ಕಿಯಿಲ್ಲದ 48 ಎಂದರೆ 48 ಮೈಕ್ರಾನ್, ಒಂದು ಕೂದಲೆಳೆ. ಸಂಜೆಯೊಳಗೆ ನಾನು ಚುಕ್ಕಿ ಸಾರ್ ಆಗಿದ್ದೆ. ಟೀ ಹುಡುಗನಿಂದ ಹಿಡಿದು ಹೀಟ್ ಟ್ರೀಟ್‌ಮೆಂಟಿನ ಟೆಂಪೋ ಡ್ರೈವರ್ ತನಕ ಎಲ್ಲರಿಗೂ ಹೇಳಿದ. ಹೇಳದೆ ಬಿಟ್ಟದ್ದು ಮಾಲೀಕರೊಬ್ಬರಿಗೆ.

ಅವನು ಕೆಲಸ ಕಲಿತದ್ದು ಹಳೆಯ ಎಚ್‌ಎಂಟಿ ಲೇಥಿನಲ್ಲಿ. ಟೂಲು ಹೇಗೆ ಕಡಿಯುತ್ತಿದೆ ಎಂದು ಹಿಡಿಯಲ್ಲೇ ಅಂಗೈಗೆ ತಿಳಿಯುತ್ತಿತ್ತಂತೆ. ಸಿಎನ್‌ಸಿಗೂ ಹ್ಯಾಂಡ್‌ವ್ಹೀಲ್ ಇದೆ, ಆದರೆ ಅದು ರೇಡಿಯೋ ತಿರುಪಿನ ಹಾಗೆ ಸುಮ್ಮನೆ ತಿರುಗುತ್ತದೆ, ಏನೂ ಹೇಳುವುದಿಲ್ಲ. ಅಂಗೈಗೆ ಗೊತ್ತಿದ್ದದ್ದನ್ನೆಲ್ಲ ನಲವತ್ತರ ಮೇಲೆ ಕಿವಿಗೆ ಕಲಿಸಿಕೊಂಡವನು. ಈಚೆಗೆ ಆ ಕಿವಿಯೂ ಸ್ವಲ್ಪ ಮಂದ. ಬಾಗಿಲಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತಾನೆ. ನಾವು ಕಂಡೂ ಕಾಣದ ಹಾಗಿರುತ್ತೇವೆ. "ನನ್ನ ಮಗನೂ ಪ್ರೋಗ್ರಾಮೇ ಬರೆಯೋದು ಸಾರ್, ವೈಟ್‌ಫೀಲ್ಡಲ್ಲಿ. ಅಲ್ಲಿ ತಪ್ಪಾದ್ರೆ ಮೇಲ್ ಬರುತ್ತಂತೆ. ಇಲ್ಲಿ ಟರೆಟ್ಟೇ ಬರುತ್ತೆ" ಎಂದ ಒಮ್ಮೆ, ಹೆಮ್ಮೆಯೋ ಬೇಸರವೋ ತಿಳಿಯದ ದನಿಯಲ್ಲಿ.

ಈ ಸಲದ ಆಯುಧಪೂಜೆಗೆ ಲೇಥುಗಳಿಗೆಲ್ಲ ವಿಭೂತಿ, ಚೆಂಡುಹೂವು. ಬೂದುಗುಂಬಳ ಒಡೆಯುವ ಮುಂಚೆ ಅವನು ನನ್ನ ಮೆಷಿನ್ನಿನ ಹತ್ತಿರ ಬಂದು, ಕೀಬೋರ್ಡಿನಲ್ಲಿ ಚುಕ್ಕಿಯ ಕೀ ಹುಡುಕಿ, ಅದರ ಮೇಲೆ ಕುಂಕುಮದ ಬೊಟ್ಟಿಟ್ಟು, ನನ್ನ ಕಡೆ ತಿರುಗಿ ಕೈಮುಗಿದ. ಹುಡುಗರೆಲ್ಲ ನಕ್ಕರು. ರಜ ಮುಗಿಸಿ ಬಂದವನೇ ಕಾಟನ್ ವೇಸ್ಟ್ ತಗೊಂಡು ತಿಕ್ಕಿದೆ. ಎಣ್ಣೆ ಬೆರಳಲ್ಲಿ ಇಟ್ಟಿದ್ದ. ಹೋಗಲಿಲ್ಲ.