ಅತ್ತೆಯ ಫೋನಿನ ಪುನರ್ಜನ್ಮಗಳು

ಸತ್ತ ಫೋನಿಗೆ ಒಂದು ಗಾಂಭೀರ್ಯವಿರುತ್ತದೆ. ಮುಖ ಕಪ್ಪು ಮಾಡಿಕೊಂಡು ಸುಮ್ಮನೆ ಬಿದ್ದಿರುತ್ತದೆ. ನಾವೂ ಅದರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಹೊಸದನ್ನು ನೋಡಿಕೊಳ್ಳಬಹುದು. ನಮ್ಮತ್ತೆಯ ಫೋನು ಹಾಗೆ ಮಾನವಾಗಿ ಹೋಗುವ ಪೈಕಿಯದಲ್ಲ. ಗುರ್ರ್ ಎಂದು ಮೈ ಕೊಡವಿ ಏಳುವುದು, ಕಂಪನಿಯ ಹೆಸರು ಮಿನುಗಿಸುವುದು, ಕಣ್ಣು ಮುಚ್ಚುವುದು, ಮತ್ತೆ ಗುರ್ರ್. ಒಮ್ಮೊಮ್ಮೆ ವಾಲ್‌ಪೇಪರಿನ ತಿಮ್ಮಪ್ಪನವರೆಗೂ ಬಂದು, ಅತ್ತೆ ಕೈ ಮುಗಿಯುವಷ್ಟರಲ್ಲಿ ಬಾಗಿಲು ಹಾಕಿಕೊಳ್ಳುತ್ತಿತ್ತು. "ತಿರುಪತಿಯಲ್ಲೂ ಇಷ್ಟೇ ಹೊತ್ತು ಬಿಡೋದು" ಎಂದು ಮೊದಮೊದಲು ಅವರೇನೂ ಬೇಸರಪಟ್ಟುಕೊಳ್ಳಲಿಲ್ಲ.

ತ್ಯಾಗರಾಜನಗರದಲ್ಲಿ ಮಂಡಿನೋವಿಗೆ ಸಿಗುವಷ್ಟೇ ಧಾರಾಳವಾಗಿ ಫೋನಿಗೂ ಮದ್ದು ಸಿಗುತ್ತದೆ. ಯಡಿಯೂರು ಕೆರೆ ಸುತ್ತುವ ನಿವೃತ್ತರ ಬಳಗ ಅಕ್ಕಿಡಬ್ಬಿಯಲ್ಲಿ ಹೂತಿಡಲು ಹೇಳಿತು. ನೀರಿಗೇ ಬೀಳದ ಫೋನಿಗೆ ಅಕ್ಕಿ ಯಾಕೆ ಎಂದು ಕೇಳಿದರೆ, ಇದ್ದರೆ ಒಳ್ಳೆಯದೇ ಎಂಬ ಉತ್ತರ. ಮಹಡಿ ಮನೆಯ ಸಾಫ್ಟ್‌ವೇರ್ ಹುಡುಗ ಮಾತ್ರ ಶಾಸ್ತ್ರೋಕ್ತವಾಗಿ ಶುರುಮಾಡಿದ. ಫೋನು ಏಳುವಾಗ ಮೊದಲು ಬೂಟ್‌ಲೋಡರ್ ಎದ್ದು ಕರ್ನೆಲನ್ನು ಎಬ್ಬಿಸುತ್ತದಂತೆ, ಕರ್ನೆಲ್ ಮಿಕ್ಕವರನ್ನು. ಮುಖ್ಯವಾದವರು ಯಾರಾದರೂ ಮೇಲಿಂದ ಮೇಲೆ ಕುಸಿದರೆ ಇಡೀ ಸಂಸಾರ ಮೊದಲಿಂದ ಏಳಬೇಕು. ಪವರ್ ಮತ್ತು ವಾಲ್ಯೂಮ್ ಗುಂಡಿ ಒಟ್ಟಿಗೆ ಒತ್ತಿ ರಿಕವರಿಗೆ ಹೋಗಿ, ಕ್ಯಾಶೆ ಅಳಿಸಿ, ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರಿಸೆಟ್ ಎಂದ.

"ಅಂದ್ರೆ ಎಲ್ಲಾ ಹೋಗತ್ತಾ?"

"ಎಲ್ಲಾ ಹೋಗತ್ತೆ ಆಂಟಿ."

ಎಲ್ಲಾ ಅಂದರೆ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನು ಸೀರೆಯ ಸೆರಗಿನೊಳಗಿಂದ ರೆಕಾರ್ಡ್ ಮಾಡಿದ್ದು, ಅಮೆರಿಕದ ಮೊಮ್ಮಗಳ ಹಲ್ಲು ಬಂದ ಫೋಟೊ, ಬಿದ್ದ ಫೋಟೊ, ಹಾಲಿನ ಲೆಕ್ಕ. ಅತ್ತೆ ಫೋನನ್ನು ಅವನ ಕೈಯಿಂದ ಕಿತ್ತುಕೊಂಡರು.

ಆಗ ಅವನ ಅನುಮಾನ ವಾಲ್‌ಪೇಪರಿನ ಮೇಲೆ ಹೋಯಿತು. 2020ರಲ್ಲಿ ಒಂದು ಸರೋವರದ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡ ಎಷ್ಟೋ ಆಂಡ್ರಾಯ್ಡ್ ಫೋನುಗಳು ಹೀಗೇ ಎದ್ದು ಬಿದ್ದು ಒದ್ದಾಡಿದ್ದವು. ಆ ಚಿತ್ರದ ಒಂದು ಬಿಂದುವಿನ ಬೆಳಕಿನ ಲೆಕ್ಕ 255ರ ಮಿತಿ ದಾಟುತ್ತಿತ್ತು, ಅಷ್ಟಕ್ಕೇ ಆಂಡ್ರಾಯ್ಡ್ 10 ತಲೆ ಸುತ್ತಿ ಬೀಳುತ್ತಿತ್ತು. ಇದು ನಿಜ, ಆದರೆ ಅತ್ತೆಯ ಮುಂದೆ ಹೇಳುವ ಮಾತಲ್ಲ. "ತಿಮ್ಮಪ್ಪನಿಂದ ಫೋನು ಕೆಡತ್ತಾ?" ಎಂದು ಅವರು ಕೇಳಿದ ದನಿಗೆ ಹುಡುಗ ವಿಷಯ ಬದಲಿಸಿ, 2016ರಲ್ಲಿ ಐಫೋನಿನ ತಾರೀಕನ್ನು 1970ರ ಜನವರಿ 1ಕ್ಕೆ ತಿರುಗಿಸಿದವರ ಫೋನು ಮತ್ತೆ ಏಳದೇ ಹೋದದ್ದನ್ನು ಹೇಳಿದ.

"1970 ನನ್ನ ಮದುವೆ ಆದ ವರ್ಷ. ಅದರಲ್ಲಿ ಏನು ಕೆಡೋದಿದೆ?"

ಮಾವ ಪತ್ರಿಕೆಯ ಹಿಂದಿನಿಂದ ಕೆಮ್ಮಿದರು.

ಅಂಗಡಿ ಹತ್ತಿ ಇಳಿಯುವ ಕೆಲಸ ನನ್ನ ಪಾಲಿಗೆ ಬಂತು. ಒಬ್ಬ ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ ಮೇಡಮ್" ಎಂದ. ಇನ್ನೊಬ್ಬ "ಸಾಫ್ಟ್‌ವೇರ್ ಹೊಡೀಬೇಕು, ಡೇಟಾ ಗ್ಯಾರಂಟಿ ಇಲ್ಲ" ಎಂದ. ಮೊಬೈಲ್ ರಿಪೇರಿಯವರು ಸಾಫ್ಟ್‌ವೇರನ್ನು ಯಾವತ್ತೂ ಹಾಕುವುದಿಲ್ಲ, ಹೊಡೆಯುತ್ತಾರೆ. ಎನ್.ಆರ್. ಕಾಲೊನಿ ಕಡೆಯ ಒಂದು ಗೂಡಂಗಡಿಯ ಹುಡುಗನಿಗೆ ಮಾತೇ ಕಡಿಮೆ. "ಕವರ್ ತೆಗೀರಿ" ಎಂದ.

ಕವರನ್ನು ಬಿಚ್ಚುವಾಗ ಅತ್ತೆ ಪಕ್ಕದಲ್ಲಿದ್ದುದು ಒಳ್ಳೆಯದಾಯಿತು; ಮಹಜರಿಗೆ ಸಾಕ್ಷಿ ಬೇಕಲ್ಲ. ಪರ್ಸಿನಂತೆ ಮಡಚುವ ಆ ಕವರಿನಿಂದ ಹಾಲಿನ ಕೂಪನ್ನು, ಮಾತ್ರೆಯ ಚೀಟಿ, ರಬ್ಬರ್ ಬ್ಯಾಂಡು, ಐದು ರೂಪಾಯಿ ನಾಣ್ಯ, ಲ್ಯಾಮಿನೇಟ್ ಮಾಡಿಸಿದ ಆಧಾರ್ ಕಾರ್ಡು, ಕೊನೆಗೆ ಒಡೆದ ಒಂದು ಕುಂಕುಮದ ಪೊಟ್ಟಣ ಹೊರಬಿದ್ದವು. ಹುಡುಗ ಫೋನನ್ನು ಬೆಳಕಿಗೆ ಹಿಡಿದ. ಪವರ್ ಗುಂಡಿಯ ಸುತ್ತ ಕೆಂಪಗೆ ಸಂದಿ ತುಂಬಿತ್ತು. ಗುಂಡಿ ಒಳಗೇ ಸಿಕ್ಕಿಕೊಂಡಿದೆ, ಹತ್ತಾರು ಸೆಕೆಂಡು ಒತ್ತಿ ಹಿಡಿದರೆ ರೀಸ್ಟಾರ್ಟ್ ಆಗು ಅಂತಲೇ ಫೋನಿಗೆ ಅರ್ಥ, ಪಾಪ ಅದು ಹೇಳಿದ್ದನ್ನು ಮಾಡ್ತಾ ಇದೆ ಎಂದ. ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಉಜ್ಜತೊಡಗಿದ.

ಈಗ ನೋಡಿದರೆ ಇದರ ಬೇರು ಸರ್ಕಾರದವರೆಗೂ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಆಧಾರ್ ತೋರಿಸಿದರೆ ಹೆಂಗಸರಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ಟು. ಆಧಾರ್ ಕೈಗೆ ಸಿಗುವಂತಿರಲಿ ಎಂದು ಅತ್ತೆ ಮಡಚುವ ಕವರು ಕೊಂಡರು. ಟಿಕೆಟ್ಟಿಲ್ಲವೆಂದ ಮೇಲೆ ಶುಕ್ರವಾರ ಹತ್ತೂವರೆಯ ರಾಹುಕಾಲಕ್ಕೆ ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ತಪ್ಪಲಿಲ್ಲ. ದೀಪ ಹಚ್ಚಿದ ಮೇಲೆ ಕುಂಕುಮ, ಕುಂಕುಮ ಇಡಲು ಹೇಗೂ ಕವರಿನಲ್ಲಿ ಜಾಗ. ಕರ್ನೆಲ್ಲು, 255, 1970 ಎಂದು ನಾವು ಮಹಡಿಯಲ್ಲಿ ಚರ್ಚಿಸುತ್ತಿದ್ದಾಗ ಅಮ್ಮನವರು ಗುಂಡಿ ಒತ್ತಿಕೊಂಡೇ ಕೂತಿದ್ದರು.

ಟಕ್ ಎಂದು ಗುಂಡಿ ಮೇಲೆ ಬಂತು. ತಿಮ್ಮಪ್ಪ ಬಂದವನು ನಿಂತ. ಮೊಮ್ಮಗಳ ಹಲ್ಲುಗಳನ್ನು ಎಣಿಸಿ, ಕಚೇರಿಗಳು ಇವೆಯೆಂದು ಒಂದೆರಡು ರಾಗ ಹಾಕಿ ಖಚಿತಪಡಿಸಿಕೊಂಡ ಮೇಲೇ ಅತ್ತೆ ದುಡ್ಡು ತೆಗೆದದ್ದು.

"ಇನ್ಮೇಲೆ ಕವರಲ್ಲಿ ಕುಂಕುಮ ಇಡಬೇಡಿ ಅಜ್ಜಿ, ಪುಡಿ ಒಳಗೆ ಹೋಗತ್ತೆ."

"ಇಡಲ್ಲಪ್ಪ. ಮಂತ್ರಾಕ್ಷತೆ ಇಟ್ಕೋಬಹುದಾ? ಅದು ಪುಡಿ ಅಲ್ವಲ್ಲ."