ಯವನದೂತ ಹರ್ಮೀಸನ ಲಿಂಗಸುಗೂರು ಮೂಲ: ಒಂದು ಬಹುಶಿಸ್ತೀಯ, ಅಂತರ್‌ಪಠ್ಯೀಯ, ಪ್ರಯಾಣ ಭತ್ಯೆ ಸಹಿತ ಅಧ್ಯಯನ

ಪ್ರಸ್ತುತ ಪ್ರಬಂಧದ ಉದ್ದೇಶವು ಗ್ರೀಕ್ ಪುರಾಣದ ದೂತದೇವತೆ ಹರ್ಮೀಸನು ಮೂಲತಃ ರಾಯಚೂರು ಜಿಲ್ಲೆಯ ಲಿಂಗಸುಗೂರಿನವನು ಎಂಬ ಪ್ರಮೇಯವನ್ನು ಸಾಧಿಸುವುದಾಗಿರುತ್ತದೆ. ಪ್ರಮೇಯವು ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ಮೊದಲೇ ಅಚ್ಚಾಗಿರುವುದರಿಂದ ಪುರಾವೆಗಳನ್ನು ಆಮೇಲೆ ಕಲೆಹಾಕಲಾಗಿದೆ. ಅಧ್ಯಯನದ ವ್ಯಾಪ್ತಿ: ವಿಶ್ವ. ಮಿತಿ: ಇಪ್ಪತ್ತು ನಿಮಿಷ; ನಾಡಗೀತೆ, ದೀಪ, ಶಾಲು, ಹಾರ, ನೆನಪಿನ ಕಾಣಿಕೆ ಮುಗಿದ ಮೇಲೆ ಆರು ನಿಮಿಷ. ವಿಧಾನ: ಬಹುಶಿಸ್ತೀಯ, ಅಂದರೆ ಯಾವ ಶಿಸ್ತಿಗೂ ಒಳಪಡದ್ದು.

ಮೊದಲ ಪುರಾವೆ ಎಲ್ಲಕ್ಕಿಂತ ಬಲವಾದದ್ದು, ತೊಂದರೆಯಿರುವುದೂ ಅದರಲ್ಲೇ. ಆರನೇ ಶತಮಾನದ ವರಾಹಮಿಹಿರ ತನ್ನ ‘ಬೃಹಜ್ಜಾತಕ’ದಲ್ಲಿ ಗ್ರಹಗಳ ಪರ್ಯಾಯ ಹೆಸರುಗಳನ್ನು ಹೇಳುವಾಗ ಬುಧನನ್ನು ‘ಹೇಮ್ನ’ ಎಂದೂ ಸೂರ್ಯನನ್ನು ‘ಹೇಲಿ’ ಎಂದೂ ಕರೆಯುತ್ತಾನೆ. ಹೇಮ್ನನೆಂದರೆ ಹರ್ಮೀಸ, ಹೇಲಿಯೆಂದರೆ ಹೀಲಿಯೋಸ್. ಯವನರಿಂದ ಕಲಿತದ್ದನ್ನು ವರಾಹಮಿಹಿರ ಮುಚ್ಚಿಟ್ಟವನಲ್ಲ. ಆದರೆ ಹರ್ಮೀಸ ಅಲ್ಲಿಂದ ಇಲ್ಲಿಗೆ ಬಂದನೆಂದರೆ ಪ್ರಮೇಯ ಬಿದ್ದುಹೋಗುತ್ತದೆ. ಆದಕಾರಣ ‘ಬಂದನು’ ಎಂದಿರುವಲ್ಲೆಲ್ಲ ‘ಮರಳಿ ಬಂದನು’ ಎಂದು ಓದಿಕೊಳ್ಳತಕ್ಕದ್ದು.

ಇನ್ನು ವರ್ಗೀಕರಣ. ವರ್ಗೀಕರಣವಿಲ್ಲದ ಪ್ರಬಂಧಕ್ಕೆ ಪ್ರಮಾಣಪತ್ರ ಸಿಗುವುದಿಲ್ಲವಾದ್ದರಿಂದ ಹರ್ಮೀಸನನ್ನು ಏಳು ಪ್ರಭೇದಗಳಾಗಿ ವಿಂಗಡಿಸಲಾಗಿದೆ.

ಒಂದನೆಯದು ಗೋಹರ ಹರ್ಮೀಸ. ಹರ್ಮೀಸ ಬೆಳಿಗ್ಗೆ ಹುಟ್ಟಿದ, ಮಧ್ಯಾಹ್ನ ಆಮೆಯ ಚಿಪ್ಪಿಗೆ ತಂತಿ ಬಿಗಿದು ವಾದ್ಯ ಮಾಡಿದ, ಸಂಜೆ ಅಣ್ಣ ಅಪೊಲೊನ ದನ ಕದ್ದ. ಹೆಜ್ಜೆ ಗುರುತು ಸಿಗದಂತೆ ದನಗಳನ್ನು ಹಿಮ್ಮುಖವಾಗಿ ನಡೆಸಿಕೊಂಡು ಹೋದ. ಕನ್ನಡ ನಾಡಿನಲ್ಲಿ ತುರುಗೋಳಿನ ವೀರಗಲ್ಲುಗಳಿಗೆ ಕೊರತೆಯಿಲ್ಲ. ಆದ್ದರಿಂದ ದನ ಕದ್ದವನು ನಮ್ಮವನೇ. ಮತ್ತು ದನಗಳ ಹಿಮ್ಮುಖ ನಡಿಗೆಯು ಬುಧನ ವಕ್ರಗತಿಯ ಕಥನಾತ್ಮಕ ಸಂಕೇತೀಕರಣವಾಗಿರುವುದನ್ನು ಅಲ್ಲಗಳೆಯುವಂತಿಲ್ಲ. (ಅಲ್ಲಗಳೆಯಲು ಯಾರಾದರೂ ಎದ್ದು ನಿಲ್ಲುವಷ್ಟರಲ್ಲಿ ಚಹಾ ಬಂದಿರುತ್ತದೆ.)

ಎರಡನೆಯದು ಮಾರ್ಗಸ್ಥ ಹರ್ಮೀಸ. ಗ್ರೀಕರು ದಾರಿ ಪಕ್ಕದ ಕಲ್ಲುಗುಪ್ಪೆಗಳನ್ನು ಅವನ ಹೆಸರಿಗೆ ಬಿಟ್ಟಿದ್ದರು. ದಾರಿಯಲ್ಲಿ ಆಕಸ್ಮಿಕವಾಗಿ ಏನಾದರೂ ಬೆಲೆಬಾಳುವುದು ಸಿಕ್ಕರೆ ಅದನ್ನು ಹರ್ಮೀಸನ ಕೊಡುಗೆಯೆನ್ನುತ್ತಿದ್ದರು. ಲಿಂಗಸುಗೂರಿನ ನೆರೆಯ ಮಸ್ಕಿಗೆ ಬಂದವರಿಗೆ ಕಲ್ಲುಗುಪ್ಪೆಯನ್ನು ತೋರಿಸಬೇಕಾಗಿಲ್ಲ, ಊರೇ ಅದರ ಮಗ್ಗುಲಲ್ಲಿದೆ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್‌ಗೆ ಇಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಬ್ರಾಹ್ಮಿ ಲಿಪಿಯಲ್ಲಿ ಕೊರೆದ ಒಂದು ಸಂದೇಶ. ಅಲ್ಲಿಯವರೆಗೆ ಸಿಕ್ಕ ಅದೇ ಅರಸನ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಿದ್ದವೇ ವಿನಾ ಅವನ ಹೆಸರಿರಲಿಲ್ಲ. ಅವನದೇ ಶಾಸನದಲ್ಲಿ ಅಶೋಕ ಎಂಬ ಹೆಸರು ಮೊದಲು ಕಂಡದ್ದು ಮಸ್ಕಿಯಲ್ಲಿ. ದೂತ, ದಾರಿ, ಕಲ್ಲು, ಚಿನ್ನ, ಅದೃಷ್ಟ: ಐದೂ ಒಂದೇ ಕಡೆ! ಪ್ರಬಂಧ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಭತ್ಯೆ ಎರಡು ದಿನದ್ದು.

ಮೂರನೆಯದು ರಸವಾದಿ ಹರ್ಮೀಸ, ಅಂದರೆ ಈಜಿಪ್ಟಿನ ಥಾತ್ ದೇವತೆಯೊಂದಿಗೆ ಬೆರೆತು ‘ಮೂರು ಪಟ್ಟು ಮಹಾನ್’ ಎನಿಸಿಕೊಂಡ ಹರ್ಮೀಸ್ ಟ್ರಿಸ್ಮೆಜಿಸ್ಟಸ್. ಗೂಢವಿದ್ಯೆಯವರ ಕುಲಗುರು ಇವನೇ. ಇವನ ಹೆಸರಿನ ‘ಪಚ್ಚೆಯ ಫಲಕ’ವನ್ನು ನ್ಯೂಟನ್ ಕೂಡ ಅನುವಾದಿಸಿಕೊಂಡಿದ್ದ. ಬುಧನ ರತ್ನ ಪಚ್ಚೆ, ಧಾನ್ಯ ಹೆಸರುಕಾಳು, ಬಣ್ಣ ಹಸಿರು. ಪಾಶ್ಚಾತ್ಯರು ಬುಧಗ್ರಹಕ್ಕೂ ಪಾದರಸಕ್ಕೂ ಇಟ್ಟ ಹೆಸರು ಒಂದೇ. ಪಾದರಸ ಚಿನ್ನವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಚಿನ್ನ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿದೆ. ಸರಪಳಿ ಪೂರ್ಣ. ಹಟ್ಟಿಯಲ್ಲಿ ಇಂದು ಅದಿರಿನಿಂದ ಚಿನ್ನ ಬಿಡಿಸುವುದು ಸೈನೈಡ್ ಎಂಬ ಸಂಗತಿಯನ್ನು ಪ್ರಬಂಧದ ಶಿಲ್ಪಕ್ಕೆ ಧಕ್ಕೆಯಾದೀತೆಂದು ಕೈಬಿಡಲಾಗಿದೆ.

ಇಲ್ಲೊಬ್ಬನ ನೆನಪು ಬೇಡವೆಂದರೂ ಬರುತ್ತದೆ. 1463ರಲ್ಲಿ ಫ್ಲಾರೆನ್ಸಿನ ಕೊಸಿಮೊ ಮೆಡಿಚಿ, ಪ್ಲೇಟೋನನ್ನು ಬದಿಗಿಟ್ಟು ಮೊದಲು ಹರ್ಮೀಸನ ಗ್ರಂಥಗಳನ್ನು ಅನುವಾದಿಸೆಂದು ಮಾರ್ಸಿಲಿಯೊ ಫಿಚಿನೊಗೆ ಹೇಳಿದ. ಆ ಗ್ರಂಥಗಳು ಮೋಸೆಸನ ಕಾಲದಷ್ಟು ಹಳೆಯವೆಂದು ಯುರೋಪಿನ ಪಂಡಿತರು ನೂರೈವತ್ತು ವರ್ಷ ನಂಬಿದರು. 1614ರಲ್ಲಿ ಐಸಾಕ್ ಕಸೋಬನ್ ಎಂಬ ಗ್ರೀಕ್ ಭಾಷಾ ವಿದ್ವಾಂಸ ಗ್ರಂಥಗಳ ಭಾಷೆ ಪರಿಶೀಲಿಸಿ, ಇವು ಕ್ರಿಸ್ತಶಕದ ಮೊದಲ ಶತಮಾನಗಳವೆಂದು ತೋರಿಸಿಕೊಟ್ಟ. ಓದಿ ನೋಡಿದ, ಅಷ್ಟೇ. ನಮ್ಮ ಸಂಕಿರಣಗಳಿಗೆ ಕಸೋಬನ್ ಬರುವುದಿಲ್ಲ, ಅವನಿಗೆ ಆಹ್ವಾನ ಹೋಗುವುದಿಲ್ಲ.

ನಾಲ್ಕರಿಂದ ಏಳರವರೆಗಿನ ಪ್ರಭೇದಗಳಿಗೆ ಹೆಸರಿಡಲಾಗಿದೆ, ಹೂರಣ ಸಿಕ್ಕಿಲ್ಲ. ನಾಗರಕಟ್ಟೆಯ ಹೆಣೆದುಕೊಂಡ ಎರಡು ಹಾವು ಹರ್ಮೀಸನ ದಂಡದ ಮೇಲೂ ಇವೆ ಎಂಬುದೊಂದು ಅವುಗಳಲ್ಲಿ ಬರಬೇಕಿತ್ತು. ಅಮೆರಿಕದ ಸೇನಾ ವೈದ್ಯ ವಿಭಾಗ 1902ರಲ್ಲಿ ಆ ದಂಡವನ್ನೇ ಲಾಂಛನ ಮಾಡಿಕೊಂಡಿತು. ವೈದ್ಯದೇವತೆ ಅಸ್ಕ್ಲೀಪಿಯಸನ ಕೋಲಿನಲ್ಲಿರುವುದು ಒಂದೇ ಹಾವು. ಎರಡು ಹಾವಿನದು ವ್ಯಾಪಾರಿಗಳ, ಕಳ್ಳರ ದೇವರದು. ಕೆಲವು ಆಸ್ಪತ್ರೆಗಳ ಬಿಲ್ಲು ನೋಡಿದವರು ಅದನ್ನು ತಪ್ಪೆನ್ನಲಾರರು.

ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ರುಮಾಲಿನ ಹಿರಿಯರೊಬ್ಬರು ಎದ್ದರು. “ಭಾಳ ಛಲೋ ಹೇಳಿದ್ರಿ ಸರ. ಆ ದೂತನ ಕಡೆಯಿಂದ ಒಂದು ಸುದ್ದಿ ಬೇಕಾಗಿತ್ತು. ಎಡದಂಡೆ ಕಾಲುವೆ ಕೊನಿಭಾಗಕ್ಕ ನೀರು ಯಾವಾಗ ಮುಟ್ತದಂತ್ರಿ?” ಪ್ರಶ್ನೆಯು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲವೆಂದು ಅಧ್ಯಕ್ಷರು ತೀರ್ಪಿತ್ತರು. ವ್ಯಾಪ್ತಿ ವಿಶ್ವವಾಗಿತ್ತು ಎಂಬುದನ್ನು ಓದುಗರು ಮರೆತಿರಲಿಕ್ಕಿಲ್ಲ.

ಈಗ ಜ್ಯೋತಿಷ. ಬುಧ ಮಿಥುನ ಕನ್ಯೆಗಳ ಒಡೆಯ, ಕನ್ಯೆಯಲ್ಲಿ ಉಚ್ಚ, ಮೀನದಲ್ಲಿ ನೀಚ, ಮಾತು ಲೆಕ್ಕ ವ್ಯಾಪಾರಗಳ ಕಾರಕ. ಗುರು ಬೃಹಸ್ಪತಿಯ ಹೆಂಡತಿ ತಾರೆಯಲ್ಲಿ ಚಂದ್ರನಿಗೆ ಹುಟ್ಟಿದ ಮಗ. ಇಷ್ಟು ಪುರಾಣ, ಶಾಸ್ತ್ರ, ಇರಲಿ. ಆದರೆ ಬೆಳಗಿನ ಟಿವಿಯಲ್ಲಿ ಕುಳಿತವರು ಬುಧ ವಕ್ರಿಯಾದನೆಂದರೆ ಫೋನು ಕೆಡುತ್ತದೆ, ಕಾಗದಪತ್ರ ಕೈತಪ್ಪುತ್ತವೆ, ಪ್ರಯಾಣ ಬೇಡ, ಪಚ್ಚೆಯುಂಗುರ ಬೇಕು ಎನ್ನುತ್ತಾರೆ. ಬುಧ 88 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಾನೆ. ಒಳಸುತ್ತಿನಲ್ಲಿ ಬಿರುಸಾಗಿ ಹೋಗುವ ಅವನು ಭೂಮಿಯನ್ನು ಹಿಂದೆ ಹಾಕುವಾಗ ನಮ್ಮ ಕಣ್ಣಿಗೆ ಹಿಂದಕ್ಕೆ ಸರಿದಂತೆ ಕಾಣುತ್ತಾನೆ. ವರ್ಷಕ್ಕೆ ಮೂರು ಸಲ, ಒಮ್ಮೊಮ್ಮೆ ನಾಲ್ಕು ಸಲ, ಪ್ರತಿ ಸಲ ಮೂರು ವಾರದ ಆಸುಪಾಸು. ಅವನು ಹಿಂದಕ್ಕೆ ನಡೆದದ್ದೇ ಇಲ್ಲ.

2020ರ ಲೆಕ್ಕ ನೋಡಬೇಕು. ಆ ವರ್ಷ ಮಾರ್ಚ್ 10ಕ್ಕೇ ಬುಧನ ವಕ್ರ ಮುಗಿದಿತ್ತು. ಮಾರ್ಚ್ 25 ಬುಧವಾರ, ಶಾರ್ವರಿ ಸಂವತ್ಸರದ ಯುಗಾದಿ. ಯುಗಾದಿಯ ವಾರಾಧಿಪತಿಯೇ ವರ್ಷದ ರಾಜನಾದ್ದರಿಂದ ಪಂಚಾಂಗದಲ್ಲಿ ಬುಧನೇ ರಾಜ, ಅಪ್ಪ ಚಂದ್ರನೇ ಮಂತ್ರಿ. ಹಿಂದಿನ ರಾತ್ರಿ 8ಕ್ಕೆ ಸಂದೇಶ ಬಂತು, 12ಕ್ಕೆ ದೇಶಕ್ಕೆ ಕೊರೊನಾ ಲಾಕ್‌ಡೌನಿನ ಬೀಗ ಬಿತ್ತು. ನಾಲ್ಕು ತಾಸು. ಲಿಂಗಸುಗೂರು, ಮಸ್ಕಿ, ಸಿಂಧನೂರಿನ ತಾಂಡಾ, ಕೇರಿಗಳಿಂದ ಬೆಂಗಳೂರಿಗೆ ಗುಳೆ ಹೋಗಿ, ಕಟ್ಟುತ್ತಿದ್ದ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದವರಿಗೆ ಸಂದೇಶವೇನೋ ಮುಟ್ಟಿತು, ಬಸ್ಸು ಮುಟ್ಟಲಿಲ್ಲ. ಗಂಟುಮೂಟೆ ಹೊತ್ತು, ಕೂಸುಗಳನ್ನು ಬಗಲಿಗೆ ಹಾಕಿಕೊಂಡು ನಡೆದರು. ಸಿಂಧನೂರಿನ ಕಡೆ ಹೊರಟಿದ್ದ ಒಬ್ಬ ಕೂಲಿ ಹೆಣ್ಣುಮಗಳು ಬಳ್ಳಾರಿಯಲ್ಲೇ ತೀರಿಕೊಂಡಳು. ಸತ್ತವರನ್ನು ಕೈಹಿಡಿದು ಪಾತಾಳಕ್ಕೆ ಮುಟ್ಟಿಸುವುದು ಹರ್ಮೀಸನ ಕೆಲಸವೆಂದು ಗ್ರೀಕರು ಬರೆದಿಟ್ಟಿದ್ದಾರೆ. ಬದುಕಿದ್ದವರನ್ನು ಸಿಂಧನೂರಿಗೆ ಮುಟ್ಟಿಸುವುದು ಯಾರ ಕೆಲಸವಾಗಿತ್ತು? ಇದಕ್ಕೆ ಯಾವ ಗ್ರಹದ ಹೆಸರು ಹೇಳುತ್ತೀರಿ? ಯಾವ ಬೆರಳಿಗೆ ಯಾವ ಉಂಗುರ?

ಪ್ರಬಂಧದ ಶೈಲಿ ಇಲ್ಲಿ ಕೆಟ್ಟಿದೆ. ತಿದ್ದುವ ಮನಸ್ಸಿಲ್ಲ.

ಮಸ್ಕಿಯ ಕಲ್ಲಿನ ಬಗ್ಗೆ ಸಂಕಿರಣಗಳಲ್ಲಿ ಎದೆಯುಬ್ಬಿಸಿ ಹೇಳುವುದೆಲ್ಲ ಅಶೋಕನ ಹೆಸರಿನ ಬಗ್ಗೆ. ಅದರಲ್ಲಿರುವ ವಿಷಯ ಬೇರೆ: ಧರ್ಮದಿಂದ ಸಿಗುವುದು ದೊಡ್ಡವರಿಗಷ್ಟೇ ಎಂದು ತಿಳಿಯಬೇಡಿ, ಸಣ್ಣವರೂ ಅದನ್ನು ಪಡೆಯಬಲ್ಲರು, ಇಬ್ಬರಿಗೂ ಇದನ್ನು ತಿಳಿಸಿ ಎಂಬುದು ಅದರ ತಿರುಳು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಫೋನಿಲ್ಲದ ಅರಸನಿಗೆ, ಸಣ್ಣವರಿಗೂ ಸುದ್ದಿ ಮುಟ್ಟಬೇಕೆಂಬ ಚಿಂತೆಯಿತ್ತು.

ಮುಂದಿನ ಯುಗಾದಿಗೆ ಗುಡಿಕಟ್ಟೆಯ ಮೇಲೆ ಪಂಚಾಂಗ ಓದುವ ಹಿರಿಯರಲ್ಲಿ ಒಂದು ಅರಿಕೆ. ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು ಕೊಳಗ ಎಂದೆಲ್ಲ ಓದಿಯಾದ ಮೇಲೆ ಇನ್ನೂ ಮೂರು ಸಾಲು ಓದಿರಿ: ಕೊನೆಭಾಗಕ್ಕೆ ನೀರು ಬಿಡುವ ತಾರೀಕು, ಉದ್ಯೋಗ ಖಾತ್ರಿಯ ಅರ್ಜಿ ಕೊಡಬೇಕಾದ ಜಾಗ, ಗುಳೆ ಹೋದವರು ಆಪತ್ತಿನಲ್ಲಿ ಫೋನು ಮಾಡಬೇಕಾದ ನಂಬರು. ಮೂರನ್ನೂ ಪಂಚಾಯಿತಿ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಿ; ಕೊಡದಿದ್ದರೆ ಕೊಡಲಿಲ್ಲವೆಂದೇ ಕಟ್ಟೆಯ ಮೇಲೆ ಓದಿಬಿಡಿ.