ಬಿಡುವಿನ ಬ್ಯಾಂಡಿಗೆ ಮ್ಯಾಚಿಂಗ್ ಕೋಟು

ಬೇರೆ ಬೇರೆ ತಂಡಗಳ ವಾದಕರು ಮೂಲ ತಂಡವನ್ನು ಬಿಡದೆ, ಬಿಡುವಿನಲ್ಲಿ ಒಟ್ಟುಗೂಡಿ ನುಡಿಸುವುದಕ್ಕೆ ಸೈಡ್ ಪ್ರಾಜೆಕ್ಟ್ ಎನ್ನುತ್ತಾರೆ. ಹಳೆಯ ಪಾಪ್-ರಾಕ್ ಸಂಗೀತಕ್ಕೆ ಗುರುಕಾಣಿಕೆ ಸಲ್ಲಿಸುವುದು ಇಂಥ ಕೆಲವು ತಂಡಗಳ ಕಸುಬು. 1988ರ ‘ಟ್ರಾವೆಲಿಂಗ್ ವಿಲ್ಬರೀಸ್’ ಬಿಡುವಿನ ತಂಡಕ್ಕೆ ಪ್ರಸಿದ್ಧ ಮಾದರಿ: ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ರಾಯ್ ಆರ್ಬಿಸನ್, ಟಾಮ್ ಪೆಟ್ಟಿ, ಜೆಫ್ ಲಿನ್ ಎಂಬ ಐವರು ದಿಗ್ಗಜರು ಹೆಸರು ಮರೆಸಿಕೊಂಡು ಒಂದೇ ಮನೆತನದ ಅಣ್ಣತಮ್ಮಂದಿರಂತೆ ನಟಿಸಿದರು; ಮೊದಲ ಸಂಪುಟದ ಬಳಿಕ ಆರ್ಬಿಸನ್ ತೀರಿಕೊಂಡದ್ದರಿಂದ ಉಳಿದ ನಾಲ್ವರು 1990ರಲ್ಲಿ ನೇರವಾಗಿ ‘ಮೂರನೆಯ ಸಂಪುಟ’ವನ್ನೇ ಹೊರತಂದು, ಎರಡನೆಯದನ್ನು ಹುಡುಕುವ ಕೆಲಸವನ್ನು ಅಭಿಮಾನಿಗಳಿಗೆ ಬಿಟ್ಟರು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಇಂಥ ತಂಡ ಕಟ್ಟುವವರಿಗೆ ಶ್ರುತಿಗಿಂತ ಮೊದಲು ವೇಷದ ಚಿಂತೆ ಹತ್ತಿದರೆ, ದಾರಿ ಕಮರ್ಷಿಯಲ್ ಸ್ಟ್ರೀಟಿಗೇ ಹೋಗುತ್ತದೆ. ಅಲ್ಲಿ ಸೀರೆಯ ಸೆರಗು ಹಿಡಿದು ಒಪ್ಪುವ ರವಿಕೆ ಬಟ್ಟೆ ಹುಡುಕುವ ಗೃಹಿಣಿಯ ಪಕ್ಕದಲ್ಲೇ, 1963ರ ಬೀಟಲ್ಸ್ ತಂಡದ ಕಾಲರಿಲ್ಲದ ಕೋಟಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುವ ಗಿಟಾರ್ ವಾದಕನೂ ನಿಂತಿರಬಹುದು. ಇಬ್ಬರಿಗೂ ಬೇಕಾದದ್ದು ಮ್ಯಾಚಿಂಗ್, ಇಬ್ಬರಿಗೂ ದರ್ಜಿಯಿಂದ ಸಿಗುವ ಉತ್ತರ ‘ಗುರುವಾರ ಬನ್ನಿ’.

ಆದರೆ ಇದು 2003ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನೇ ಕಣ್ಣಾರೆ ಕಂಡ ಊರಾದ್ದರಿಂದ, ಕೋಟು ನೋಡಿ ಮರುಳಾಗುವ ಕೇಳುಗರು ಇಲ್ಲಿ ಕಡಿಮೆ. ಸಡಿಲವಾದ ಕೋಟನ್ನು ದರ್ಜಿ ಹಿಡಿದು ಹೊಲಿದಾನು, ಸಡಿಲವಾದ ತಾಳವನ್ನು ಹಿಡಿಯುವ ದರ್ಜಿ ಆ ಬೀದಿಯಲ್ಲಿಲ್ಲ. ಆದಕಾರಣ ಬಿಡುವಿನ ವಾದಕರು ಮೊದಲು ಅಭ್ಯಾಸ ಮಾಡಿ, ಆಮೇಲೆ ಅಳತೆ ಕೊಡುವುದು ಲೇಸು.